ಕುರ್ಚಿ ಉಳಿಯಿತು, ಪರೀಕ್ಷೆ ಹೋಯಿತು

ಧಾರವಾಡದಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ ದಿನಗಳವು. ರೀಡಿಂಗ್ ರೂಮಿನಲ್ಲಿ ಹುಡುಗಿಯರಿಗೆ ಒಂದೇ ಶೌಚಾಲಯ, ಅದೂ ಗಬ್ಬು. ಎದ್ದು ಹೋದರೆ ಫ್ಯಾನಿನ ಕೆಳಗಿನ ಕುರ್ಚಿಯೂ ಹೋಗುತ್ತಿತ್ತು. ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟೆ. ನಿದ್ದೆ ಓಡಿಸಲು ಚಹಾ ಇತ್ತಲ್ಲ! ಏಪ್ರಿಲ್ ಬಿಸಿಲಿಗೆ ತಲೆ ಸಿಡಿದರೂ, ಓದಿದ್ದು ಹೆಚ್ಚಾಯಿತು ಅಂದುಕೊಂಡೆ.

ಪರೀಕ್ಷೆಗೆ 4 ದಿನ ಇರುವಾಗ ಉರಿಮೂತ್ರ, ಚಳಿಜ್ವರ. ‘ಮೂತ್ರದ ಬಣ್ಣ ಹೇಗಿದೆ?’ ಎಂದರು ವೈದ್ಯರು. ನಾನು ನೋಡಿಯೇ ಇರಲಿಲ್ಲ. ತಿಳಿಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲದು ಎಂದರ್ಥ; ತಡೆಹಿಡಿಯುವುದಂತೂ ಕೂಡದು ಎಂದು ಗದರಿದರು. ಆ ಪರೀಕ್ಷೆ ಬರೆಯಲಾಗಲಿಲ್ಲ.

ಈಗ ಮೇಜಿನ ಮೇಲೆ ಲೀಟರ್ ಬಾಟಲಿ, ಮಧ್ಯಾಹ್ನದೊಳಗೆ ಖಾಲಿಯಾಗಬೇಕು. ಊಟಕ್ಕೆ ಮಜ್ಜಿಗೆ. ಕುರ್ಚಿ ಹೋದರೆ ಬಾಗಿಲ ಬಳಿ ಕೂರುತ್ತೇನೆ. ಅಲ್ಲೂ ಗಾಳಿ ಬರುತ್ತದೆ.