ಮೈ ಇಳಿದಾಗ ಕಿವಿ ಮೊಳಗುವುದೇಕೆ?

ಬಹುದಿನ ಹಾಸಿಗೆ ಹಿಡಿದು ಎದ್ದವರು, ಕ್ಷಯರೋಗದಿಂದ ಸೊರಗಿದವರು, ಸ್ಥೂಲಕಾಯವನ್ನು ಬೇಗನೆ ಕರಗಿಸಬೇಕೆಂದು ಊಟವನ್ನು ತೀರ ಕಡಿಮೆ ಮಾಡಿದವರು, ಇವರಲ್ಲಿ ಕೆಲವರು ಒಂದು ವಿಚಿತ್ರವಾದ ತೊಂದರೆಯನ್ನು ಹೇಳಿಕೊಳ್ಳುವುದುಂಟು. ತಾವು ಆಡಿದ ಮಾತು, ಕೊಡದೊಳಗೆ ಬಾಯಿಟ್ಟು ಕೂಗಿದಂತೆ, ತಮ್ಮ ಕಿವಿಯೊಳಗೇ ಮೊಳಗುವುದು. ಉಸಿರಾಟವು ಕಮ್ಮಾರನ ತಿದಿಯಂತೆ ಬುಸುಗುಟ್ಟುವುದು. ಪಕ್ಕದಲ್ಲಿ ಕುಳಿತವರಿಗೆ ಏನೂ ಕೇಳಿಸದು. ಕೊಪ್ಪಳ ಜಿಲ್ಲೆಯ ಹುಲಿಹೈದರದಂತಹ ಊರಿನಲ್ಲಾದರೆ, ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕೆಂದು ಮನೆಯವರು ಬೆಚ್ಚಗಿನ ಎಣ್ಣೆ ಬಿಡಬಹುದು. ಪಟ್ಟಣದಲ್ಲಾದರೆ ನೆಗಡಿಗೆ ಹಾಕುವ ಮೂಗಿನ ಹನಿಗಳನ್ನು ತರಿಸಬಹುದು. ಇವೆರಡರಿಂದಲೂ ಗುಣ ಕಾಣದಿದ್ದಾಗ ರೋಗಿಗೆ ತನ್ನ ಬುದ್ಧಿಯೇ ಕೆಟ್ಟಿತೋ ಎಂಬ ಭಯವಾಗುವುದು. ಆದರೆ ಇಲ್ಲಿ ಕಿವಿ ಕಟ್ಟಿಕೊಂಡಿಲ್ಲ. ಮುಚ್ಚಿರಬೇಕಾದ ಒಂದು ಬಾಗಿಲು ತೆರೆದುಕೊಂಡಿದೆ. ಈ ಭೇದವನ್ನು ಅರಿಯದಿದ್ದರೆ ಚಿಕಿತ್ಸೆಯೇ ತಲೆಕೆಳಗಾಗುವುದು.

ಆ ಬಾಗಿಲು ಯಾವುದೆಂಬುದನ್ನು ಮೊದಲು ನೋಡೋಣ. ಕಿವಿಯ ತಮಟೆ, ಎಂದರೆ ಕರ್ಣಪಟಲದ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ, ಅದೇ ಮಧ್ಯಕರ್ಣ. ವಾಯುಮಂಡಲವು ಪಟಲವನ್ನು ಹೊರಗಿನಿಂದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತಿರುವುದು. ಒಳಗಿನಿಂದಲೂ ಅಷ್ಟೇ ಒತ್ತಡವಿದ್ದರೆ ಮಾತ್ರ ಪಟಲವು ಸರಾಗವಾಗಿ ಕಂಪಿಸಬಲ್ಲದು. ಈ ಸಮತೋಲಕ್ಕಾಗಿ ಮಧ್ಯಕರ್ಣದಿಂದ ಮೂಗಿನ ಹಿಂಭಾಗದ ಗಂಟಲಿಗೆ ಒಂದು ಕೊಳವೆಯಿದೆ. ಪ್ರಾಯದವರಲ್ಲಿ ಅದರ ಉದ್ದ ಸುಮಾರು 35 ಮಿಲಿಮೀಟರು. 16ನೆಯ ಶತಮಾನದಲ್ಲಿ ಅದನ್ನು ವರ್ಣಿಸಿದ ಇಟಲಿಯ ಶರೀರಶಾಸ್ತ್ರಜ್ಞ ಯೂಸ್ಟಾಕಿಯ ಹೆಸರೇ ಅದಕ್ಕೆ ಬಂದಿದೆ. ಆಗುಂಬೆಯ ಘಾಟಿಯಲ್ಲಿ ಬಸ್ಸು ಇಳಿಯುವಾಗ ಕಿವಿ ಗಟ್ಟಿಯಾಗಿ, ಉಗುಳು ನುಂಗಿದೊಡನೆ ಬಿಟ್ಟುಕೊಳ್ಳುವ ಅನುಭವ ಅನೇಕರಿಗೆ ಉಂಟಷ್ಟೆ. ಆಗ ಕ್ಷಣಕಾಲ ತೆರೆಯುವುದು ಈ ಕೊಳವೆಯೇ.

ಕ್ಷಣಕಾಲ ಎಂಬ ಮಾತನ್ನು ವಾಚಕರು ಗಮನಿಸಬೇಕು. ನುಂಗುವಾಗ, ಆಕಳಿಸುವಾಗ ತೆರೆಯುವ ಈ ಕೊಳವೆ ಉಳಿದ ಹೊತ್ತೆಲ್ಲ ಮುಚ್ಚಿಯೇ ಇರಬೇಕು. ಹಳೆಯ ಮಾದರಿಯ ಸೈಕಲ್ಲಿನ ವಾಲ್ವಿನ ಮೇಲೆ ಏರಿಸುವ ತೆಳುವಾದ ರಬ್ಬರು ಕೊಳವೆಯನ್ನು ನೆನೆಯಿರಿ. ಪಂಪು ಒತ್ತಿದಾಗ ಗಾಳಿಗೆ ದಾರಿ ಕೊಟ್ಟು, ಮರುಕ್ಷಣವೇ ಅಂಟಿಕೊಳ್ಳುವುದು ಅದರ ಗುಣ. ಕಿವಿಯ ಕೊಳವೆಯನ್ನು ಹೀಗೆ ಅಂಟಿಸಿಡುವ ಶಕ್ತಿಗಳು ಹಲವು: ಅದರ ಮೃದ್ವಸ್ಥಿಯ ಪುಟಿಯುವ ಗುಣ, ಒಳಪೊರೆಯ ತೇವ, ಸುತ್ತಲಿನ ರಕ್ತನಾಳಗಳ ತುಂಬು, ಮತ್ತು ಕೊಳವೆಯ ಮಗ್ಗುಲಲ್ಲಿ ಮೆತ್ತೆಯಂತಿರುವ ಕೊಬ್ಬು. ಜರ್ಮನಿಯ ವೈದ್ಯ ಓಸ್ಟ್‌ಮನ್ನನ ಹೆಸರು ಈ ಮೆತ್ತೆಗೆ ಇದೆ. ದೇಹ ಬೇಗನೆ ಸೊರಗಿದಾಗ ಕೆಲವರಲ್ಲಿ ಈ ಮೆತ್ತೆಯೂ ಕರಗುವುದು. ಒತ್ತಿ ಹಿಡಿಯುವ ಆಸರೆ ತಪ್ಪಿ ಕೊಳವೆ ತೆರೆದೇ ಉಳಿಯುವುದು.

ಆಗ ಭೌತಶಾಸ್ತ್ರದ ನಿಯಮಗಳು ತಮ್ಮ ಕೆಲಸ ಮಾಡುವುವು. ಗಂಟಲಲ್ಲಿ ಹುಟ್ಟಿದ ಧ್ವನಿ ಗಾಳಿಯ ಮಾರ್ಗವಾಗಿ ನೇರವಾಗಿ ಮಧ್ಯಕರ್ಣವನ್ನು ಸೇರಿ, ಪಟಲವನ್ನು ಹಿಂದಿನಿಂದ ಬಡಿಯುವುದು. ಧ್ವನಿಯು ಮೂಗಿನ ಮೂಲಕ ಹಾಯುವ ಮ, ನ ಮುಂತಾದ ಅನುನಾಸಿಕಗಳು ವಿಶೇಷವಾಗಿ ಮೊಳಗುವುವು. ಉಸಿರಾಟದೊಡನೆ ಗಂಟಲಿನ ಒತ್ತಡ ಏರಿಳಿದಂತೆ ಪಟಲವೂ ಒಳಹೊರಗೆ ಆಡುವುದು. ವೈದ್ಯರು ಉಪಕರಣದಿಂದ ಇಣುಕಿ ನೋಡಿ ಎಷ್ಟೋ ವೇಳೆ ಈ ಚಲನೆಯನ್ನು ಕಣ್ಣಾರೆ ಕಾಣಬಲ್ಲರು.

ಈ ತೊಂದರೆಯ ಗುರುತು ಇನ್ನೊಂದಿದೆ. ರೋಗಿ ಮಲಗಿದರೆ, ಅಥವಾ ಕುಳಿತು ತಲೆಯನ್ನು ಮೊಣಕಾಲುಗಳ ನಡುವೆ ತಗ್ಗಿಸಿದರೆ, ಮೊಳಗು ಸಾಮಾನ್ಯವಾಗಿ ನಿಲ್ಲುವುದು. ಏಕೆ? ನಿಂತಾಗ ತಲೆಯು ಹೃದಯಕ್ಕಿಂತ ಸುಮಾರು 30 ಸೆಂಟಿಮೀಟರು ಮೇಲಿರುವುದು. ಅಷ್ಟೆತ್ತರದ ರಕ್ತಸ್ತಂಭದ ಒತ್ತಡ ಸುಮಾರು 23 ಮಿಲಿಮೀಟರು ಪಾದರಸಕ್ಕೆ ಸಮ. ಮಲಗಿದಾಗ ಈ ಅಂತರ ಇಲ್ಲವಾಗಿ, ತಲೆಯ ಸಿರೆಗಳು ತುಂಬಿಕೊಂಡು, ಕೊಳವೆಯ ಸುತ್ತಲಿನ ಪೊರೆ ಉಬ್ಬಿ ಬಾಗಿಲನ್ನು ಮುಚ್ಚುವುದು. ಬಿಸಿಲಿನಲ್ಲಿ ದುಡಿದು ಮೈಯ ನೀರು ಆರಿದಾಗ ತೊಂದರೆ ಹೆಚ್ಚುವುದಕ್ಕೂ ಇದೇ ಬಗೆಯ ಕಾರಣ. ಗರ್ಭಿಣಿಯರಲ್ಲಿಯೂ ಕೆಲವರಿಗೆ ಇದು ಕಾಣಿಸಿಕೊಳ್ಳುವುದುಂಟು.

ಇನ್ನು ಪರಿಹಾರದ ಮಾತು. ಎಣ್ಣೆ ಕರ್ಣಪಟಲದ ಹೊರಗೇ ನಿಲ್ಲುವುದರಿಂದ ಕೊಳವೆಯನ್ನು ಮುಟ್ಟಲಾರದು. ನೆಗಡಿಯ ಹನಿಗಳು ಪೊರೆಯನ್ನು ಕುಗ್ಗಿಸುವುದರಿಂದ ಬಾಗಿಲು ಮತ್ತಷ್ಟು ಅಗಲವಾದೀತು. ಮೂಗನ್ನು ಮತ್ತೆ ಮತ್ತೆ ಒಳಕ್ಕೆಳೆದುಕೊಂಡರೆ ಕೊಳವೆ ಮುಚ್ಚಿ ಹಾಯೆನಿಸುವುದು ನಿಜ. ಆದರೆ ಆ ಅಭ್ಯಾಸವು ಪಟಲವನ್ನು ಒಳಕ್ಕೆ ಜಗ್ಗಿ, ಕಾಲಕ್ರಮದಲ್ಲಿ ಕೆಡಿಸಬಹುದು. ಧಾರಾಳವಾಗಿ ನೀರು ಕುಡಿಯುವುದು, ತೊಂದರೆಯಾದಾಗ ತಲೆ ತಗ್ಗಿಸುವುದು, ಸೊರಗಿದ ದೇಹಕ್ಕೆ ಪುಷ್ಟಿ ಕೊಡುವುದು ಇವು ಮೊದಲ ಉಪಾಯಗಳು. ತೂಕ ಮರಳಿದಂತೆ ಅನೇಕರಿಗೆ ತಾನಾಗಿಯೇ ಗುಣವಾಗುವುದು. ಹಾಗಾಗದಿದ್ದರೆ ತಜ್ಞರು ಮೂಗಿಗೆ ಉಪ್ಪುನೀರಿನ ಹನಿಗಳನ್ನು ಕೊಡುವುದರಿಂದ ಹಿಡಿದು, ಕೊಳವೆಯನ್ನು ಕಿರಿದುಗೊಳಿಸುವ ಶಸ್ತ್ರಕ್ರಿಯೆಯವರೆಗೆ ನಾನಾ ಕ್ರಮಗಳನ್ನು ಅನುಸರಿಸುವರು. ಬೊಜ್ಜನ್ನು ಇಳಿಸಬೇಕಾದವರು ಈ ಭಯದಿಂದ ಹಿಂಜರಿಯಬೇಕಾಗಿಲ್ಲ. ಇದು ಎಲ್ಲರಿಗೂ ಬರುವುದಿಲ್ಲ. ವಾರಕ್ಕೆ ಅರ್ಧದಿಂದ 1 ಕಿಲೋಗ್ರಾಂನಷ್ಟು ನಿಧಾನವಾಗಿ ಇಳಿಸುವುದು ಲೇಸು.

ಬಯಸದೆಯೇ ತೂಕ ಇಳಿದಿದ್ದರೆ ವಿಷಯ ಬೇರೆ. ಆಗ ಪರೀಕ್ಷೆಯಾಗಬೇಕಾದದ್ದು ಕಿವಿಯಷ್ಟೇ ಅಲ್ಲ. ಕ್ಷಯ, ಸಿಹಿಮೂತ್ರ ಮೊದಲಾದವು ಹೀಗೆಯೇ ಮೈಯನ್ನು ಕರಗಿಸುವುವು. ಎರಡು ವಾರ ಮೀರಿದ ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆ ಉಚಿತ. ಕ್ಷಯದ ಚಿಕಿತ್ಸೆಯೂ ಉಚಿತ. ಚಿಕಿತ್ಸೆಯ ಕಾಲದಲ್ಲಿ ರೋಗಿಯ ಆಹಾರಕ್ಕೆಂದು ಕೇಂದ್ರ ಸರಕಾರ ಕೊಡುವ ಮಾಸಿಕ ಸಹಾಯಧನವನ್ನು 2024ರ ನವೆಂಬರಿನಿಂದ 500 ರೂಪಾಯಿಗಳಿಂದ 1000 ರೂಪಾಯಿಗಳಿಗೆ ಏರಿಸಲಾಗಿದೆ. ಕಿವಿ ಸೋರಿದರೆ, ಥಟ್ಟನೆ ಕಿವುಡಾದರೆ, ತಲೆ ಸುತ್ತಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ವಿದ್ಯಾಲಯವಿದೆ. ಅಲ್ಲಿಗಾಗಲಿ, ಹತ್ತಿರದ ಬೇರೆ ಆಸ್ಪತ್ರೆಗಾಗಲಿ ಹೋದಾಗ ‘ಕಿವಿ ಗುಂಯ್‌ಗುಡುತ್ತದೆ’ ಎಂದಿಷ್ಟೇ ಹೇಳಿದರೆ ಸಾಲದು. ಎಷ್ಟು ತಿಂಗಳಲ್ಲಿ ಎಷ್ಟು ತೂಕ ಇಳಿಯಿತು, ಮಲಗಿದರೆ ಮೊಳಗು ನಿಲ್ಲುವುದೋ ಇಲ್ಲವೋ, ಈ ಎರಡು ಸಂಗತಿಗಳನ್ನು ತಪ್ಪದೆ ತಿಳಿಸಬೇಕು. ವೈದ್ಯರಿಗೆ ದಾರಿ ಕಾಣಲು ಇವು ಬಹಳ ನೆರವಾಗುವುವು.