ಮರಳೊಳಗಣ ಗವಾಕ್ಷಿ

1811ರಲ್ಲಿ ದಕ್ಷಿಣ ಆಫ್ರಿಕದ ಪ್ರೀಸ್ಕಾದ ಬಳಿ ಸಂಚರಿಸುತ್ತಿದ್ದ ಆಂಗ್ಲ ಸಸ್ಯಶೋಧಕ ವಿಲಿಯಂ ಬರ್ಚೆಲ್, ವಿಚಿತ್ರಾಕಾರದ ಬೆಣಚುಕಲ್ಲೆಂದು ಭಾವಿಸಿ ನೆಲದಿಂದೆತ್ತಿಕೊಂಡ ವಸ್ತುವು ಜೀವಂತ ಸಸ್ಯವಾಗಿದ್ದಿತು. 1922ರಲ್ಲಿ ಸಸ್ಯವಿಜ್ಞಾನಿ ಎನ್. ಇ. ಬ್ರೌನ್ ಅದರ ಕುಲಕ್ಕೆ ಲಿಥಾಪ್ಸ್ ಎಂದು ನಾಮಕರಣ ಮಾಡಿದನು. ಇಂದು ಅಲಂಕಾರದ ಕುಂಡಗಳಲ್ಲಿ ಕುಳಿತಿರುವ ಈ ಕಿರುಗಿಡದ ಶಿಲಾಸಾದೃಶ್ಯವನ್ನು ಕಂಡವರೆಲ್ಲ ಕೊಂಡಾಡುವರು; ಅದರ ಅಂತರಂಗದ ರಚನೆಯಾದರೋ ಇನ್ನೂ ಹೆಚ್ಚಿನ ಪ್ರಶಂಸೆಗೆ ಅರ್ಹವೆಂದು ನಾನು ಬಗೆದಿದ್ದೇನೆ.

ಕಾಂಡವು ಇಲ್ಲಿ ಹೆಸರಿಗೆ ಮಾತ್ರ. ಒಂದಕ್ಕೊಂದು ಬೆಸೆದುಕೊಂಡ ಎರಡು ದಪ್ಪ ಎಲೆಗಳೇ ಗಿಡದ ಸರ್ವಸ್ವ. ಬಿಸಿಲೂ ಬರವೂ ಬಾಧಿಸುವ ತನ್ನ ತಾಯ್ನೆಲದಲ್ಲಿ ಅದು ದೇಹದ ಬಹುಭಾಗವನ್ನು ಮಣ್ಣಿನಲ್ಲಿ ಹುದುಗಿಸಿ, ಎಲೆಗಳ ಚಪ್ಪಟೆ ನೆತ್ತಿಯನ್ನಷ್ಟೇ ಹೊರಗಿಡುತ್ತದೆ. ಆಗ ಆಹಾರ ತಯಾರಿಕೆಗೆ ಬೇಕಾದ ಬೆಳಕು ನೆಲದೊಳಕ್ಕೆ ಇಳಿಯುವುದೆಂತು? ಎಲೆಯನ್ನು ಲಂಬವಾಗಿ ಸೀಳಿ ನೋಡಿದರೆ ಉತ್ತರ ದೊರೆಯುವುದು. ನೆತ್ತಿಯ ಕೆಲವು ಭಾಗಗಳಲ್ಲಿ ಪತ್ರಹರಿತ್ತು ಅತಿ ವಿರಳ. ನಮ್ಮ ಹಂಚಿನ ಮನೆಗಳ ಮಾಡಿನಲ್ಲಿ ಕೂಡಿಸಿದ ಗಾಜಿನ ಹಂಚಿನಂತೆ ಅವು ಬೆಳಕನ್ನು ಒಳಗೆ ಬಿಡುತ್ತವೆ. ಅವುಗಳ ಕೆಳಗೆ ಎಲೆಯ ಒಡಲನ್ನೆಲ್ಲ ತುಂಬಿರುವುದು ದೊಡ್ಡ ದೊಡ್ಡ ಕೋಶಗಳ, ವರ್ಣರಹಿತವಾದ ಜಲಧಾರಕ ಅಂಗಾಂಶ. ನೀರಿನ ಈ ಭಂಡಾರವನ್ನು ಹಾಯುವಾಗ ಪ್ರಖರವಾದ ರಶ್ಮಿಯು ಚದುರಿ, ಮೃದುವಾಗಿ, ಕಟ್ಟಕಡೆಗೆ ಎಲೆಯ ಪಾರ್ಶ್ವಗಳ ಒಳಮೈಯನ್ನು ಹಸುರು ಅಸ್ತರಿಯಾಗಿ ಆವರಿಸಿರುವ, ನೆಲದಡಿಯ ತಂಪಿನಲ್ಲಿರುವ ಪದರವನ್ನು ಸೇರುತ್ತದೆ. ದ್ಯುತಿಸಂಶ್ಲೇಷಣೆಯ ಬಹುಪಾಲು ನಡೆಯುವುದು ಅಲ್ಲಿಯೇ. ಪತ್ರರಂಧ್ರಗಳು ಹಗಲಿನಲ್ಲಿ ಮುಚ್ಚಿದ್ದು ಇರುಳಿನಲ್ಲಿ ತೆರೆಯುವುವು; ಆಗ ಒಳಸೇರಿದ ಇಂಗಾಲದ ಡೈಆಕ್ಸೈಡು ಮ್ಯಾಲಿಕ್ ಆಮ್ಲದ ರೂಪದಲ್ಲಿ ಸಂಚಿತವಾಗಿದ್ದು, ಮರುದಿನದ ಬೆಳಕಿನಲ್ಲಿ ವಿನಿಯೋಗವಾಗುತ್ತದೆ.

ಎಲೆಗಳ ನಡುವಣ ಸೀಳಿನ ತಳದಲ್ಲಿ, ಬೇಗೆ ತಟ್ಟದಂತೆ, ಬೆಳವಣಿಗೆಯ ಕುಡಿಯು ಅಡಗಿದೆ. ಹಳದಿಯದೋ ಬಿಳಿಯದೋ ಆದ ಹೂವು ಹೊರಹೊಮ್ಮುವುದೂ ಅದೇ ಸೀಳಿನಿಂದ. ಹೂವಿನ ಕಾಲ ಕಳೆದ ಬಳಿಕ ಒಳಗೆ ರೂಪುಗೊಳ್ಳುವ ಹೊಸ ಎಲೆಜೋಡಿಯು ಹಳೆಯ ಜೋಡಿಯಲ್ಲಿರುವ ನೀರನ್ನೇ ಹೀರಿಕೊಂಡು ಬೆಳೆಯುತ್ತದೆ. ಹಳೆಯವು ಬತ್ತಿ, ಕಾಗದದಷ್ಟು ತೆಳುವಾದ ಸಿಪ್ಪೆಯಾಗಿ ಉಳಿಯುತ್ತವೆ.

ಆದುದರಿಂದ ಇದನ್ನು ಸಾಕುವವರಲ್ಲಿ ನನ್ನದೊಂದು ಬಿನ್ನಹ: ಹಳೆಯ ಎಲೆಗಳು ಸುಕ್ಕುಗಟ್ಟುತ್ತಿರುವುದನ್ನು ಕಂಡು, ಗಿಡಕ್ಕೆ ಬಾಯಾರಿತೆಂಬ ಕನಿಕರದಿಂದ ನೀರೆರೆಯಬೇಡಿರಿ. ಹಾಗೆ ಎರೆದರೆ ಹಳೆಯವು ಬತ್ತದೆ ಉಳಿದು, ಗಿಡವು ಕೊಳೆಯುವ ಸಂಭವವುಂಟು. ಸಿಪ್ಪೆಯು ಪೂರ್ಣವಾಗಿ ಒಣಗುವವರೆಗೆ ಕಾದಿರಿ.