ಲೀಗ್ ಗೆದ್ದವರ ಬೆವರಿಗೂ ಬೆಲೆ ಬೇಕು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾರ್ಚ್ ತಿಂಗಳ ಲೆಕ್ಕವೇ ಬೇರೆ. ಮೇಲ್ದರ್ಜೆಯಲ್ಲಿ ಆಡುವ 350ಕ್ಕೂ ಹೆಚ್ಚು ಕಾಲೇಜುಗಳು 31 ಕಾನ್ಫರೆನ್ಸ್‌ಗಳಲ್ಲಿ, ಅಂದರೆ ಲೀಗ್‌ಗಳಲ್ಲಿ, ಹಂಚಿಹೋಗಿವೆ. ಚಳಿಗಾಲವಿಡೀ ತಮ್ಮತಮ್ಮಲ್ಲೇ ಹದಿನಾರೋ ಇಪ್ಪತ್ತೋ ಪಂದ್ಯ ಆಡಿ ಅಂಕಪಟ್ಟಿ ಸಿದ್ಧವಾದ ಮೇಲೆ ಪ್ರತಿ ಕಾನ್ಫರೆನ್ಸ್‌ನಲ್ಲೂ ಒಂದು ನಾಕೌಟ್ ಟೂರ್ನಿ ನಡೆಯುತ್ತದೆ. 68 ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ನೇರ ಪ್ರವೇಶ ಸಿಗುವುದು ಈ ಟೂರ್ನಿ ಗೆದ್ದವರಿಗೆ. ಅಂಕಪಟ್ಟಿಯಲ್ಲಿ ಮೊದಲು ಬಂದವರಿಗಲ್ಲ. ಉಳಿದ 37 ಸ್ಥಾನಗಳನ್ನು ಆಯ್ಕೆ ಸಮಿತಿ ತುಂಬುತ್ತದೆ, ಅವುಗಳಲ್ಲಿ ಬಹುಪಾಲು ದೊಡ್ಡ ಕಾನ್ಫರೆನ್ಸ್‌ಗಳಿಗೇ ಹೋಗುತ್ತವೆ. ಹೀಗಾಗಿ ಸಣ್ಣ ಕಾನ್ಫರೆನ್ಸ್‌ನ ತಂಡವೊಂದರ ಇಡೀ ಚಳಿಗಾಲದ ದುಡಿಮೆ ಒಂದೇ ಸಂಜೆಯಲ್ಲಿ ನೀರುಪಾಲಾಗಬಹುದು. ಆ ಕಾರಣಕ್ಕೆ ಟೂರ್ನಿಯನ್ನೇ ಕೈಬಿಡಿ ಎನ್ನುವವರಿದ್ದಾರೆ. ಟೂರ್ನಿ ಇರಲೇಬೇಕು, ಆದರೆ ಲೀಗ್‌ನಲ್ಲಿ ಮೇಲೆ ಬಂದವರಿಗೆ ಅದರಲ್ಲಿ ಗಟ್ಟಿಯಾದ ಅನುಕೂಲವೂ ಇರಬೇಕು ಎಂಬುದು ನನ್ನ ವಾದ.

ಅನ್ಯಾಯದ ದೂರು ಸುಳ್ಳೇನಲ್ಲ. 1974ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಮೇರಿಲ್ಯಾಂಡ್ ತಂಡ ನಾರ್ತ್ ಕೆರೋಲಿನಾ ಸ್ಟೇಟ್ ಎದುರು ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಸೋತಿತು. ಆಗ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ ಮುಂದಕ್ಕೆ ಹೋಗಬಹುದಿತ್ತು. ಗೆದ್ದ ತಂಡ ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದರೊಡನೆ ಸರಿಸಮನಾಗಿ ಸೆಣಸಿದ ಮೇರಿಲ್ಯಾಂಡ್ ಮನೆಯಲ್ಲಿ ಕೂರಬೇಕಾಯಿತು. ಮರುವರ್ಷವೇ ನಿಯಮ ಬದಲಾಗಿ ರಾಷ್ಟ್ರೀಯ ಟೂರ್ನಿ 32 ತಂಡಗಳಿಗೆ ವಿಸ್ತರಿಸಿತು, ಒಂದೇ ಕಾನ್ಫರೆನ್ಸ್‌ನಿಂದ ಎರಡನೆಯ ತಂಡಕ್ಕೂ ದಾರಿ ತೆರೆಯಿತು. ಆದರೆ ಆ ಪರಿಹಾರ ದಕ್ಕಿದ್ದು ಮುಖ್ಯವಾಗಿ ದೊಡ್ಡವರಿಗೆ. ಸಣ್ಣವರು ಇವತ್ತಿಗೂ 1974ರಲ್ಲೇ ಇದ್ದಾರೆ.

ಹಾಗಾದರೆ ಅಂಕಪಟ್ಟಿಯ ಅಗ್ರ ತಂಡವನ್ನೇ ಕಳಿಸಿಬಿಡಬಹುದಲ್ಲ? ಐವಿ ಲೀಗ್ ಬಹುಕಾಲ ಹಾಗೇ ಮಾಡಿತು. ಎಲ್ಲರಿಗಿಂತ ಕೊನೆಗೆ, 2017ರಲ್ಲಿ, ಅದೂ ಟೂರ್ನಿಗೆ ಇಳಿಯಿತು. ಅಗ್ರಸ್ಥಾನವೊಂದೇ ಮುಖ್ಯವಾದರೆ ಫೆಬ್ರುವರಿ ಹೊತ್ತಿಗೆ ಅರ್ಧಕ್ಕೂ ಹೆಚ್ಚು ತಂಡಗಳಿಗೆ ಆಡಲು ಕಾರಣವೇ ಉಳಿಯುವುದಿಲ್ಲ. ಟೂರ್ನಿ ಆ ಆಸೆಯನ್ನು ಜೀವಂತವಾಗಿಡುತ್ತದೆ. 2024ರಲ್ಲಿ ಅದೇ ನಾರ್ತ್ ಕೆರೋಲಿನಾ ಸ್ಟೇಟ್ ಸತತ ನಾಲ್ಕು ಪಂದ್ಯ ಸೋತು, ಹತ್ತನೇ ಶ್ರೇಯಾಂಕದೊಂದಿಗೆ ಟೂರ್ನಿಗೆ ಬಂದಿತ್ತು. ವರ್ಜೀನಿಯಾ ಎದುರಿನ ಸೆಮಿಫೈನಲ್ ಕೈತಪ್ಪಿಯೇ ಹೋಯಿತು ಎನ್ನುವಾಗ ಮೈಕಲ್ ಒ'ಕಾನೆಲ್ ಓಡುತ್ತಲೇ ಎಸೆದ ಮೂರಂಕದ ಚೆಂಡು ಹಲಗೆಗೆ ಬಡಿದು ಬಳೆಯೊಳಗೆ ಬಿತ್ತು, ಪಂದ್ಯ ಸಮವಾಯಿತು. ಐದು ದಿನದಲ್ಲಿ ಐದು ಪಂದ್ಯ ಗೆದ್ದ ಆ ತಂಡ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರವರೆಗೂ ನಡೆಯಿತು.

ಇಂಥ ಪವಾಡ ಅಪರೂಪ, ಸಾಮಾನ್ಯವಾಗಿ ಹೀಗೆ ನುಸುಳಿದ ದುರ್ಬಲ ತಂಡ ಮೊದಲ ಸುತ್ತಿನಲ್ಲೇ ಹೊರಬೀಳುತ್ತದೆ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಅದಕ್ಕೇ ಅನುಕೂಲದ ಮಾತು. ಐಪಿಎಲ್ ಪ್ಲೇಆಫ್‌ನಲ್ಲಿ ಮೊದಲ ಎರಡು ತಂಡಗಳಿಗೆ ಎರಡನೇ ಅವಕಾಶ ಸಿಗುವಂತೆ, ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ತನ್ನ ಮೊದಲ ಎರಡು ತಂಡಗಳನ್ನು ನೇರ ಸೆಮಿಫೈನಲ್‌ನಲ್ಲಿ ಕೂರಿಸಿದೆ. ಅಮೆರಿಕ ಈಸ್ಟ್, ಪೇಟ್ರಿಯಟ್ ಲೀಗ್‌ಗಳಲ್ಲಿ ಪ್ರತಿ ಪಂದ್ಯವೂ ಮೇಲಿನ ಶ್ರೇಯಾಂಕದವರ ತವರಿನಲ್ಲೇ.

ಇಷ್ಟೆಲ್ಲ ಕೊಟ್ಟರೆ ಟೂರ್ನಿ ಬರೀ ಶಾಸ್ತ್ರವಾಗುವುದಿಲ್ಲವೇ? ಆಗುವುದಿಲ್ಲ. 2018ರಲ್ಲಿ ಅಮೆರಿಕ ಈಸ್ಟ್‌ನ 16 ಪಂದ್ಯಗಳಲ್ಲಿ 15 ಗೆದ್ದಿದ್ದ ವರ್ಮಾಂಟ್, ತನ್ನದೇ ಅಂಗಳದಲ್ಲಿ ಕೊನೆಯ ಕ್ಷಣದ ಎಸೆತಕ್ಕೆ ಫೈನಲ್ ಸೋತಿತು. ಗೆದ್ದದ್ದು ಬಾಲ್ಟಿಮೋರ್ ಬಳಿಯ ಯುಎಂಬಿಸಿ. ಆರು ದಿನಗಳ ನಂತರ ಅದು ವರ್ಜೀನಿಯಾವನ್ನು 74–54ರಿಂದ ಸೋಲಿಸಿತು. ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ ಹದಿನಾರನೇ ಶ್ರೇಯಾಂಕದ ತಂಡ ಅಗ್ರ ಶ್ರೇಯಾಂಕದ ತಂಡವನ್ನು ಮಣಿಸಿದ್ದು ಅದೇ ಮೊದಲು. ಅಗ್ರ ತಂಡಕ್ಕೆ ತವರಿನ ಅನುಕೂಲ ಕೊಟ್ಟ ಮೇಲೂ ಬಾಗಿಲು ತೆರೆದೇ ಇತ್ತು. ತಟಸ್ಥ ನಗರಗಳಲ್ಲಿ ಟೂರ್ನಿ ನಡೆಸುವ ಸಣ್ಣ ಕಾನ್ಫರೆನ್ಸ್‌ಗಳೆಲ್ಲ ಅದನ್ನು ಲೀಗ್ ಗೆದ್ದ ಕಾಲೇಜಿನ ಅಂಗಳಕ್ಕೆ ತರಲಿ.